ಎರಡು ಬೆಣೆ

ಅಜ್ಜಿ ಮೆಟ್ಟಿಲಿಂದ ಜಾರಿದ್ದು ಮಂಗಳವಾರ ಬೆಳಿಗ್ಗೆ, ಒಗೆದ ಬಟ್ಟೆಯ ಬುಟ್ಟಿ ಹೊತ್ತು ಕೆಳಗಿಳಿಯುವಾಗ. ನಾಲ್ಕನೆಯ ಮೆಟ್ಟಿಲಿನ ಹಲಗೆ ಮುಂದಕ್ಕೆ ವಾಲಿತು. ಬುಟ್ಟಿ ಮೊದಲು ಹೋಯಿತು, ಅದರ ಹಿಂದೆ ಅವಳು. ಪುಣ್ಯಕ್ಕೆ ಬಟ್ಟೆಯ ರಾಶಿಯ ಮೇಲೇ ಬಿದ್ದದ್ದರಿಂದ ಮೂಳೆ ಮುರಿಯಲಿಲ್ಲ. ಪಾದ ಮಾತ್ರ ಉಳುಕಿ ಕುಂಬಳಕಾಯಿಯಂತೆ ಊದಿಕೊಂಡಿತು.

"ಆ ಹಲಗೆ ಅಲ್ಲಾಡತ್ತೆ ಅಂತ ಒಂದು ತಿಂಗಳಿಂದ ಬಡ್ಕೊಂಡೆ," ಎಂದು ನೆಲದ ಮೇಲೆ ಕೂತಿದ್ದ ಹಾಗೆಯೇ ಅವಳು ಗಂಡನನ್ನು ತರಾಟೆಗೆ ತೆಗೆದುಕೊಂಡಳು. "ಮನೇಲಿ ಬಡಗೀನ ಇಟ್ಕೊಂಡು ಮೆಟ್ಟಿಲಿಂದ ಬೀಳೋ ಯೋಗ ನನ್ನೊಬ್ಬಳಿಗೇ ಇರಬೇಕು."

ಅಜ್ಜ ನಲವತ್ತೈದು ವರ್ಷ ಬಡಗಿ ಕೆಲಸ ಮಾಡಿದವರು. ಮಗಳು ಈ ಪರದೇಶದ ಆಸ್ಪತ್ರೆಯಲ್ಲಿ ನರ್ಸ್, ಅಳಿಯ ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯವನು. ಇಬ್ಬರ ಪಾಳಿಗಳ ನಡುವೆ ಮಗುವನ್ನು ನೋಡಿಕೊಳ್ಳುವವರಿಲ್ಲದೆ ಎರಡು ವರ್ಷದ ಹಿಂದೆ ಅಜ್ಜ-ಅಜ್ಜಿಯರನ್ನು ಕರೆಸಿಕೊಂಡಿದ್ದರು. ಹೊರಡುವಾಗ ಅಜ್ಜ ಹತ್ತರಿ, ಗರಗಸ ಎಲ್ಲವನ್ನೂ ಶಿಷ್ಯನೊಬ್ಬನಿಗೆ ಕೊಟ್ಟು, ಒಂದೇ ಒಂದು ಉಳಿಯನ್ನು ಹಳೆಯ ಅಂಗಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಕೊಂಡು ಬಂದಿದ್ದರು. ಇಲ್ಲಿಯ ಭಾಷೆ ಅವರಿಗೆ ಹತ್ತಲಿಲ್ಲ. ಅಂಗಡಿಯಲ್ಲಿ ಹಾಲನ್ನೂ ಬೆರಳು ತೋರಿಸಿಯೇ ತರುತ್ತಿದ್ದರು. ಹತ್ತು ವರ್ಷದ ಮೊಮ್ಮಗಳು ಮಾತ್ರ ಎರಡೂ ಭಾಷೆಯನ್ನು ಪಟಪಟನೆ ಆಡುತ್ತಿದ್ದಳು. ಯಾರು ಏನು ಹೇಳಿದರೂ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದುದರಿಂದ ಅವಳನ್ನು ಮನೆಯಲ್ಲಿ ಗಿಣಿ ಎಂದೇ ಕರೆಯುತ್ತಿದ್ದರು.

ಅಜ್ಜಿ ಬಿದ್ದ ದಿನವೇ ಅಜ್ಜ ಹಳೆಯ ಕಪಾಟಿನ ಹಲಗೆಯೊಂದನ್ನು ಕಿತ್ತು ತಂದು, ಅಡುಗೆಮನೆಯ ಸಣ್ಣ ಸುತ್ತಿಗೆಯಿಂದ ಮೆಟ್ಟಿಲಿಗೆ ಮೊಳೆ ಹೊಡೆದರು. ಭಾನುವಾರದ ಹೊತ್ತಿಗೆ ಮೊಳೆ ಮೇಲೆದ್ದು ಅಳಿಯನ ಅಂಗಾಲು ಸೀಳಿತು. ಅವನು "ಪರವಾಗಿಲ್ಲ ಮಾವ" ಎನ್ನುತ್ತಲೇ ಒಂದು ಕಾಲಲ್ಲಿ ಕುಂಟಿ ಕುರ್ಚಿಗೆ ಹೋದ. ಮಗಳು ಔಷಧಿ ಹಚ್ಚಿ ಪಟ್ಟಿ ಕಟ್ಟಿ ಎದ್ದು ನಿಂತಳು.

"ಅಪ್ಪ, ಇನ್ನು ಸಾಕು. ಕೆಲಸದವರನ್ನ ಕರೆಸ್ತೀನಿ."

"ಕೆಲಸದವರು ಯಾಕಮ್ಮ? ನಾನೇನು ಸತ್ತು ಹೋಗಿದೀನಾ?"

"ಇಲ್ಲಿ ಕಾನೂನಿದೆ. ಗ್ಯಾಸು, ಕರೆಂಟು, ಮೆಟ್ಟಿಲು, ಇದನ್ನೆಲ್ಲ ಲೈಸೆನ್ಸ್ ಇದ್ದೋರೇ ಮುಟ್ಟಬೇಕು."

"ಮೆಟ್ಟಿಲಿಗೂ ಲೈಸೆನ್ಸಾ? ಹತ್ತೋಕೆ ಬೇಡವಾ?"

ಗಿಣಿ ಕಿಸಕ್ಕನೆ ನಕ್ಕಳು. ಮಗಳು ನಗಲಿಲ್ಲ. ಅಜ್ಜ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು. ವರ್ಷದಿಂದೀಚೆಗೆ ಅವರು ಕುಡಿಯುತ್ತಿದ್ದದ್ದೇ ಹಾಗೆ. ಯಾಕೆಂದು ಯಾರೂ ಕೇಳಿರಲಿಲ್ಲ; ಯಾರೂ ನೋಡಿಲ್ಲವೆಂದು ಅವರು ತಿಳಿದಿದ್ದರು.

ಪರದೇಶದಲ್ಲಿ ಕೆಲಸದವರನ್ನು ಹುಡುಕುವುದು ಗಂಡು ಹುಡುಕುವುದಕ್ಕಿಂತ ಕಷ್ಟ ಎಂದು ಅಳಿಯ ಹೇಳುತ್ತಿದ್ದ. ಮಗಳು ಊಟದ ಬಿಡುವಿನಲ್ಲಿ ಆಸ್ಪತ್ರೆಯ ಮೂಲೆಯಲ್ಲಿ ನಿಂತು ಫೋನು ಮಾಡುತ್ತಿದ್ದಳು. ಒಬ್ಬ ಇವಳ ಉಚ್ಚಾರ ಕೇಳಿದೊಡನೆ ಫೋನಿಟ್ಟ. ಇನ್ನೊಬ್ಬ ಮೂರು ತಿಂಗಳು ಕಾಯಿರಿ ಎಂದ. ಮತ್ತೊಬ್ಬ ಗುರುವಾರ ಬರುತ್ತೇನೆಂದವನು ಯಾವ ಗುರುವಾರವೂ ಬರಲಿಲ್ಲ. ಒಬ್ಬೊಬ್ಬರು ಕೈಕೊಟ್ಟಾಗಲೂ ಅಜ್ಜನಿಗೆ ಒಳಗೊಳಗೇ ಹಿಗ್ಗು. ಅವತ್ತು ಅನ್ನ ಎರಡು ತುತ್ತು ಹೆಚ್ಚಿಗೆ ಹೋಗುತ್ತಿತ್ತು. ಕೊನೆಗೆ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಒಬ್ಬ ಬಡಗಿಯ ನಂಬರು ಕೊಟ್ಟಳು.

ಅವನು ಏಳು ಗಂಟೆಗೆ ಬರುತ್ತೇನೆಂದಿದ್ದ, ಏಳಕ್ಕೇ ಬಂದ. ನಲವತ್ತೈದು ದಾಟಿದವನು, ಬಾಗಿಲಿಗೆ ತಲೆ ತಗ್ಗಿಸಿ ಒಳಬರಬೇಕಾಯಿತು. ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದ ಅಜ್ಜಿ ಬಾಯಿ ಬಿಟ್ಟು ನೋಡಿದಳು.

"ಅಯ್ಯೋ, ಎಷ್ಟುದ್ದ ಇದಾನಪ್ಪ ಇವನು! ಬಲ್ಬ್ ಬದಲಾಯಿಸೋಕೆ ಏಣಿನೇ ಬೇಡ."

ಅಂದಿನಿಂದ ಆ ಮನೆಯಲ್ಲಿ ಅವನು ಉದ್ದಣ್ಣ.

ಉದ್ದಣ್ಣ ನೆಲಕ್ಕೆ ಬಟ್ಟೆ ಹಾಸಿ, ಒಂದೊಂದೇ ಮೆಟ್ಟಿಲನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಮೇಲೆ ಹೋದ, ಹಾಗೇ ಕೆಳಗೆ ಬಂದ. ಆಮೇಲೆ ಮೆಟ್ಟಿಲ ಕೆಳಗಿನ ಗೂಡಿಗೆ ಟಾರ್ಚ್ ಹಿಡಿದು ನುಗ್ಗಿದ. ಪೊರಕೆ, ಬಕೆಟ್ಟು ಇಡುವ ಗೂಡು ಅದು. ಒಳಗಿನಿಂದ ಮಗಳನ್ನೂ ಗಿಣಿಯನ್ನೂ ಕರೆದು, ಮೆಟ್ಟಿಲುಗಳನ್ನು ಹೊತ್ತು ನಿಂತ ಪಕ್ಕದ ಮರಕ್ಕೆ ಸ್ಕ್ರೂಡ್ರೈವರ್ ಒತ್ತಿ ತೋರಿಸಿದ. ಬೆಣ್ಣೆಗೆ ಇಳಿದ ಹಾಗೆ ಇಳಿಯಿತು.

ಗಿಣಿ ಹೊರಗೆ ಬಂದು ಒಪ್ಪಿಸಿದಳು: "ತೊಂದರೆ ಹಲಗೇದಲ್ವಂತೆ. ಪಕ್ಕದ ಮರ ಒಳಗೊಳಗೇ ಕೊಳೆತುಹೋಗಿದೆಯಂತೆ. ಪೂರ್ತಿ ಹೊಸದಾಗಿ ಮಾಡಬೇಕು, ನಾಲ್ಕು ವಾರ ಆಗತ್ತೆ ಅಂತಿದಾರೆ. ಮತ್ತೆ, ಈ ಕೊಳೆತ ಮರದ ಮೇಲೆ ಹೊಸ ಹಲಗೆ ಹೊಡೆದೋರು ಯಾರು ಅಂತ ಕೇಳ್ತಿದಾರೆ."

ಯಾರೂ ಅಜ್ಜನ ಕಡೆ ನೋಡಲಿಲ್ಲ. ಮಗಳು ಕಿಟಕಿ ನೋಡಿದಳು, ಅಜ್ಜಿ ತನ್ನ ಪಾದ ನೋಡಿಕೊಂಡಳು. ನೋಡಿದ್ದರೇ ವಾಸಿಯಿತ್ತು. ಎರಡು ವರ್ಷದಿಂದ ದಿನಾ ಆ ಗೂಡಿನಿಂದ ಪೊರಕೆ ತೆಗೆಯುತ್ತಿದ್ದವರು ಅಜ್ಜನೇ. ಒಂದು ದಿನವೂ ತಲೆಯೆತ್ತಿ ಮರ ನೋಡಿರಲಿಲ್ಲ. ಬಂದವನು ಕಾಲು ಗಂಟೆಯಲ್ಲಿ ಕಂಡುಹಿಡಿದಿದ್ದ.

ಕೆಲಸ ಶುರುವಾಯಿತು. ಮನೆಯವರು ಓಡಾಡಲೆಂದು ಉದ್ದಣ್ಣ ಹಳೆಯ ಮೆಟ್ಟಿಲನ್ನು ಒಂದೇ ಸಲ ಕೀಳದೆ, ಅಡಿಗೆ ಆಸರೆ ಕೊಟ್ಟು, ಎರಡೆರಡೇ ಬದಲಾಯಿಸುತ್ತ ಬಂದ. ಅಜ್ಜ ಮೆಟ್ಟಿಲಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂರುತ್ತಿದ್ದರು. ಆದರೆ ಕಿವಿಯನ್ನು ಯಾರು ಮುಚ್ಚುತ್ತಾರೆ? ಹತ್ತರಿಯ ಸದ್ದಿನಲ್ಲೇ ಅದರ ಹರಿತ ಅವರಿಗೆ ತಿಳಿಯುತ್ತಿತ್ತು. ಉದ್ದಣ್ಣನ ಹತ್ತರಿ ರೇಷ್ಮೆ ಸೀಳಿದ ಹಾಗೆ ಓಡುತ್ತಿತ್ತು. ಅದಕ್ಕೇ ಅವರಿಗೆ ಸಂಕಟ. ಮೊಂಡಾಗಿದ್ದರೆ ನಿದ್ದೆಯಾದರೂ ಬರುತ್ತಿತ್ತು.

"ಸ್ಕ್ರೂ ತಿರುಗಿಸೋನೂ ಒಬ್ಬ ಬಡಗಿನಾ?" ಎಂದರು ಒಂದು ದಿನ ಊಟದಲ್ಲಿ. "ನಾವು ಒಂದು ಕಬ್ಬಿಣದ ಚೂರಿಲ್ಲದೆ ಮಂಚ ಮಾಡಿದೋರು."

"ಮಾಡಿದ್ರಿ, ಮಾಡಿದ್ರಿ," ಎಂದಳು ಅಜ್ಜಿ. "ಊರೋರ ಮನೆಗೆಲ್ಲ ಬಾಗಿಲು ಮಾಡಿದ್ರಿ. ನಮ್ಮನೆ ಬಚ್ಚಲಿಗೆ ಹನ್ನೆರಡು ವರ್ಷ ಗೋಣಿಚೀಲ."

ಅಳಿಯನಿಗೆ ನಗು ಬಂದು ನೀರು ನೆತ್ತಿಗೇರಿತು.

ಹದಿನೈದು ದಿನದಲ್ಲಿ ಮನೆಯ ಮಾತೆಲ್ಲ ಉದ್ದಣ್ಣನದಾಯಿತು. ಉದ್ದಣ್ಣ ಸಕ್ಕರೆ ಇಲ್ಲದ ಚಹಾ ಕುಡಿಯುತ್ತಾನೆ. ಉದ್ದಣ್ಣನ ಹೆಂಡತಿಗೂ ಕಾಲುನೋವು. ಅಡುಗೆಮನೆಯ ಕಿಟಕಿ ಬಿಗಿಯಾಗಿದ್ದನ್ನು ಉದ್ದಣ್ಣ ಕೇಳದೆಯೇ ಸರಿಮಾಡಿದ. ಅಜ್ಜಿ ಕುಂಟುತ್ತಲೇ ಅವನಿಗೆ ಬಿಸಿ ಅನ್ನ, ಪಲ್ಯ ಬಡಿಸುತ್ತಿದ್ದಳು. ಅವನು ತಟ್ಟೆ ತೊಳೆದಿಟ್ಟ ಹಾಗೆ ಉಂಡು, ಎದೆ ಮುಟ್ಟಿಕೊಂಡು ತಲೆಬಾಗುತ್ತಿದ್ದ. ಗಟ್ಟಿ ಮೊಸರು ಅವನ ಬಟ್ಟಲಿಗೆ ಹೋಗುತ್ತಿತ್ತು, ತಿಳಿ ಅಜ್ಜನಿಗೆ ಬರುತ್ತಿತ್ತು.

"ನಾನೂ ಇದ್ದೀನಿ ಅಂತ ನೆನಪಿರಲಿ," ಎಂದರು ಅಜ್ಜ.

"ಅವನು ದುಡೀತಾನೆ ರೀ. ನೀವು ಕೂತು ಕೂತು ಕುರ್ಚಿ ಸವೆಸ್ತಿದೀರ."

ಶಾಲೆಗೆ ರಜೆ ಬಿದ್ದ ಮೇಲೆ ಗಿಣಿ ಮೆಟ್ಟಿಲ ಹತ್ತಿರವೇ ಠಿಕಾಣಿ ಹೂಡಿದಳು. ಅವಳ ಕೂದಲ ತುಂಬ ಹತ್ತರಿಯ ಸುರುಳಿ. ಒಂದು ಮಧ್ಯಾಹ್ನ ಅಜ್ಜ ನೀರು ಕುಡಿಯುವ ನೆಪದಲ್ಲಿ ತಿರುಗಿ ನೋಡಿದರೆ, ಉದ್ದಣ್ಣ ಅವಳ ಕೈಗೆ ಉಳಿ ಕೊಟ್ಟು, ಚೂರು ಮರದ ಮೇಲೆ ತೂತು ಕೊರೆಯುವುದನ್ನು ತೋರಿಸುತ್ತಿದ್ದ. ಅವಳು ನಾಲಿಗೆ ಕಚ್ಚಿಕೊಂಡು ಕೊರೆಯುತ್ತಿದ್ದಳು. ತಪ್ಪಿತು. ಉದ್ದಣ್ಣ ಏನೂ ಅನ್ನದೆ ಇನ್ನೊಂದು ಚೂರು ಕೊಟ್ಟ.

ಅಂದು ಸಂಜೆ ಅಜ್ಜ ಅವಳನ್ನು ಹತ್ತಿರ ಕರೆದರು.

"ಹೋದ ವರ್ಷ ನಾನು ಕಲಿಸ್ತೀನಿ ಬಾ ಅಂದ್ರೆ ಎರಡೇ ದಿನಕ್ಕೆ ಓಡಿಹೋದೆ. ಈಗ ಅವನ ಹತ್ರ ಕಲೀತೀಯಾ?"

"ನೀವು ಬೈತೀರ ಅಜ್ಜ."

"ಬೈಯದೇನೇ ವಿದ್ಯೆ ಬರತ್ತಾ?"

"ಉದ್ದಣ್ಣ ಬೈಯಲ್ಲ. ಬರ್ತಿದೆ."

ಅವಳು ಎದ್ದು ಹೋದಳು. ಆ ಮಾತು ಮುಳ್ಳಿನ ಹಾಗೆ ಅವರಲ್ಲಿ ನಾಟಿಕೊಂಡಿತು. ಮಾರನೆಯ ದಿನ ಉದ್ದಣ್ಣ ಬಂದು ಕೈಬೀಸಿದಾಗ ಅಜ್ಜ ಪತ್ರಿಕೆಯನ್ನು ಮುಖಕ್ಕೆ ಎತ್ತಿ ಹಿಡಿದರು. ಓದಲು ಬಾರದ ಭಾಷೆಯ ಪತ್ರಿಕೆ.

ಶನಿವಾರ ಉದ್ದಣ್ಣನಿಗೆ ರಜೆ. ಬೆಳಿಗ್ಗೆ ಹನ್ನೊಂದರ ಹೊತ್ತು. ಮಗಳು ಪಾಳಿಗೆ ಹೋಗಿದ್ದಳು, ಅಳಿಯ ಅಂದು ರಜೆ ಹಾಕಿ ಅಜ್ಜಿಯನ್ನು ಪಾದ ತೋರಿಸಲು ಡಾಕ್ಟರ ಬಳಿ ಕರೆದೊಯ್ದಿದ್ದ, ಗಿಣಿ ಪಕ್ಕದ ಮನೆಯಲ್ಲಿ. ಅಜ್ಜ ಪೆಟ್ಟಿಗೆಯಿಂದ ತಮ್ಮ ಉಳಿ ತೆಗೆದುಕೊಂಡು ಮೆಟ್ಟಿಲ ಕೆಳಗಿನ ಗೂಡಿಗೆ ಹೊಕ್ಕರು. ಕೆಲಸ ನೋಡಿದರು. ಉದ್ದಣ್ಣ ಪ್ರತಿ ಹಲಗೆಯ ಅಡಿಯಲ್ಲೂ ಸಣ್ಣ ಮರದ ಬೆಣೆ ಬಡಿದು, ಅಂಟು ಹಾಕಿ ಬಿಗಿ ಮಾಡಿದ್ದ. ಒಂದು ಕೂದಲು ಹೋಗುವಷ್ಟೂ ಸಂದಿಲ್ಲ. ತಪ್ಪು ಹುಡುಕಲು ಹೋದವರಿಗೆ ತಪ್ಪು ಸಿಕ್ಕಲಿಲ್ಲ. ಅದೇ ಅವರ ಹೊಟ್ಟೆ ಉರಿಸಿತು. ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದು, ಅಂಟಿನ ಗೆರೆಗೆ ಉಳಿಯ ಮೂತಿ ಕೊಟ್ಟು, ನಾಲ್ಕನೆಯ ಮತ್ತು ಐದನೆಯ ಮೆಟ್ಟಿಲಿನ ಬೆಣೆಗಳನ್ನು ಬಿಡಿಸಿದರು. ಒಂದೂವರೆ ಗಂಟೆ ಹಿಡಿಯಿತು. ಎರಡನ್ನೂ ಜೇಬಿಗೆ ಹಾಕಿಕೊಂಡು ಹೊರಬಂದು ಕೈತೊಳೆದರು.

ಸಂಜೆ ಮಗಳು ಮೇಲೆ ಹತ್ತುವಾಗ ಮೆಟ್ಟಿಲು ಕಿರ್ ಎಂದಿತು. ಇಳಿಯುವಾಗ ಮತ್ತೆ ಕಿರ್.

"ಇದೇನಿದು?"

"ನಿನ್ನ ಉದ್ದಣ್ಣನ ಲೈಸೆನ್ಸು," ಎಂದರು ಅಜ್ಜ. "ನಾನು ಹೇಳಿದ್ರೆ ಕಿವಿಗೆ ಹಾಕ್ಕೊಳಲ್ಲ. ಹದಿನೈದು ದಿನಕ್ಕೇ ಕೂಗ್ತಿದೆ ನೋಡು."

ಮಗಳ ಮುಖ ಸಪ್ಪಗಾಯಿತು. ಅಂದು ಅವರು ಮೊಸರು ಎರಡು ಸಲ ಹಾಕಿಸಿಕೊಂಡರು.

ಸೋಮವಾರ ಉದ್ದಣ್ಣ ಬಂದ. ಮಗಳು ಪಾಳಿಗೆ ಹೊರಟವಳು ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಮೆಟ್ಟಿಲು ತುಳಿದು ಸದ್ದು ಕೇಳಿಸಿದಳು. ಅವಳು ಸಿಟ್ಟಿನಲ್ಲಿ ಇಲ್ಲಿಯ ಭಾಷೆಯಲ್ಲಿ ತಡವರಿಸುತ್ತಿದ್ದಳು. ಗಿಣಿ ನಡುವೆ ನಿಂತು ಆಚೆಯದನ್ನು ಈಚೆಗೆ, ಈಚೆಯದನ್ನು ಆಚೆಗೆ ದಾಟಿಸುತ್ತಿದ್ದಳು. ಉದ್ದಣ್ಣ ಗೂಡಿಗೆ ಹೋದ. ಬಹಳ ಹೊತ್ತು ಹೊರಬರಲಿಲ್ಲ. ಬಂದವನು ಮೊಣಕಾಲಿನ ಧೂಳು ಕೊಡವಿ, ಒಂದೇ ಒಂದು ಸಲ ಅಜ್ಜನನ್ನು ನೋಡಿದ. ಅಜ್ಜ ಜೇಬಿನ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಅವನು ಗಿಣಿಯತ್ತ ನೋಡಿ ನಿಧಾನವಾಗಿ ಎರಡು ಮಾತಾಡಿದ.

"ತಪ್ಪು ನಂದೇ ಅಂತಿದಾರೆ," ಎಂದಳು ಗಿಣಿ. "ಎರಡು ಬೆಣೆ ಹಾಕೋದು ಮರೆತುಬಿಟ್ಟೆ, ಇವತ್ತೇ ಹಾಕ್ತೀನಿ, ಕ್ಷಮಿಸಬೇಕು ಅಂತ."

ಅಜ್ಜನಿಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ಕಪಾಳಕ್ಕೆ ಬಿದ್ದ ಹಾಗಾಯಿತು.

ಸಂಜೆ ಊಟಕ್ಕೆ ಕೂತಾಗ ಮಗಳು ಹೇಳಿದಳು: "ನಮ್ಮ ಹಿರಿಯ ನರ್ಸ್ ಮನೆ ಪೂರ್ತಿ ಮರದ ಕೆಲಸ ಮಾಡಿಸ್ತಾರೆ. ಇವನನ್ನೇ ಕರೀರಿ ಅಂದಿದ್ದೆ. ಬೇಡ ಅಂದುಬಿಟ್ಟೆ ಇವತ್ತು. ಇವತ್ತು ಬೆಣೆ ಮರೆಯೋನು ನಾಳೆ ಇನ್ನೇನು ಮರೀತಾನೋ."

"ಅಷ್ಟಕ್ಕೇ?" ಎಂದ ಅಳಿಯ.

"ಅಮ್ಮ ಓಡಾಡೋ ಮೆಟ್ಟಿಲು ರೀ. ಅಷ್ಟಕ್ಕೇ ಅಂದ್ರೆ ಹೇಗೆ?"

ಅಜ್ಜ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. ಮನುಷ್ಯನ ಕೆಲಸಕ್ಕೆ ಹೆಸರು ಬರಲು ಎಷ್ಟು ವರ್ಷ ಬೇಕು, ಹೋಗಲು ಎಷ್ಟು ಹೊತ್ತು ಸಾಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಂಗಳವಾರ ಜ್ವರವೆಂದು ಮಲಗಿದರು. ಅಜ್ಜಿ ಹಣೆ ಮುಟ್ಟಿ ನೋಡಿ, "ಜ್ವರಾನೂ ಇಲ್ಲ, ಗಿರಾನೂ ಇಲ್ಲ" ಎಂದು ಹೊದಿಕೆ ಎಳೆದಳು.

ಬುಧವಾರ ಮಗಳಿಗೆ ರಜೆ. ಉದ್ದಣ್ಣ ಮರ ತರಲು ಹೋಗಿದ್ದ. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತಿದ್ದಾಗ ಅಜ್ಜ ಜೇಬಿಗೆ ಕೈಹಾಕಿ ಎರಡೂ ಬೆಣೆಗಳನ್ನು ತಟ್ಟೆಯ ಪಕ್ಕ ಇಟ್ಟರು.

"ಏನ್ರೀ ಇದು?" ಎಂದಳು ಅಜ್ಜಿ.

"ಬೆಣೆ. ಅವನು ಮರೆತಿರಲಿಲ್ಲ. ನಾನೇ ಕಿತ್ತೆ."

ಅಳಿಯ ಚಮಚ ಕೆಳಗಿಟ್ಟ. ಮೊದಲು ಸಿಡಿದವಳು ಅಜ್ಜಿ.

"ಒಂದು ಕಾಲು ಉಳುಕಿದ್ದು ಸಾಲದು ಅಂತಾನಾ? ಇನ್ನೊಂದೂ ಮುರೀಲಿ ಅಂತಾನಾ?"

"ಬೀಳಲ್ಲ ಕಣೇ. ಕಿರ್ ಅನ್ನತ್ತೆ ಅಷ್ಟೇ. ನನಗೆ ಗೊತ್ತು."

"ನಿಮಗೆ ಗೊತ್ತು! ಕೊಳೆತ ಮರಕ್ಕೆ ಮೊಳೆ ಹೊಡೆದಾಗ್ಲೂ ನಿಮಗೆ ಗೊತ್ತಿತ್ತು."

ಮಗಳು ತಟ್ಟೆ ಸರಿಸಿದಳು. "ನಾನು ಆ ಮನುಷ್ಯನ ಮುಖಕ್ಕೆ ಬೈದೆ. ಅವನ ಕೆಲಸ ತಪ್ಪಿಸಿದೆ. ಯಾಕಪ್ಪಾ ಹೀಗೆ ಮಾಡಿದ್ರಿ?"

"ಈ ಮನೇಲಿ ಒಂದು ಮೊಳೆಗೂ ನನ್ನನ್ನ ಕೇಳೋರಿಲ್ಲ. ಬಂದೋನಿಗೆ ಮೊಸರು, ಬಂದೋನಿಗೆ ಮಗು. ಕಾನೂನಂತೆ, ಲೈಸೆನ್ಸಂತೆ..."

"ಯಾವ ಕಾನೂನೂ ಇಲ್ಲ!" ಎಂದುಬಿಟ್ಟಳು ಮಗಳು. "ನಾನೇ ಕಟ್ಟಿ ಹೇಳಿದ್ದು. ನಿಮ್ಮ ಕೈ ನಡುಗತ್ತೆ ಅಪ್ಪ. ಒಂದು ವರ್ಷದಿಂದ ನೋಡ್ತಿದೀನಿ. ನರ್ಸ್ ನಾನು, ನನಗೆ ಕಾಣಲ್ವಾ? ನಿಮ್ಮ ಕೈಲಿ ಇನ್ನು ಆಗಲ್ಲ ಅಂತ ನಾನು ಹೇಗೆ ಹೇಳಲಿ?"

ಅಜ್ಜ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡರು. ಅಜ್ಜಿ ಮೊಸರಿನ ಪಾತ್ರೆಯನ್ನು ಅವರ ಕಡೆ ಸರಿಸಲು ಹೋಗಿ, ಅರ್ಧಕ್ಕೆ ನಿಲ್ಲಿಸಿದಳು.

"ಹೇಳಬೇಕಿತ್ತಮ್ಮ," ಎಂದರು ಅಜ್ಜ ಕೊನೆಗೆ. "ಹೇಳಿದ್ದಿದ್ರೆ ನಿನ್ನ ಮೇಲೆ ಸಿಟ್ಟು ಮಾಡ್ಕೋತಿದ್ದೆ. ಅವನ ತಂಟೆಗೆ ಹೋಗ್ತಿರಲಿಲ್ಲ."

ಮಗಳು ಎದ್ದು ಹಿರಿಯ ನರ್ಸಿಗೆ ಫೋನು ಮಾಡಿದಳು. ಆ ಕೆಲಸ ನಿನ್ನೆಯೇ ಬೇರೆಯವರ ಪಾಲಾಗಿತ್ತು.

"ನಾಳೆ ಅವನು ಬಂದಾಗ ನೀವೇ ಹೇಳಿ," ಎಂದಳು. "ನಾನು ಹೇಳಲ್ಲ."

ಗುರುವಾರ ಉದ್ದಣ್ಣ ಐದನೆಯ ಮೆಟ್ಟಿಲಲ್ಲಿ ಕೂತು ಅಳತೆ ಗುರುತು ಹಾಕುತ್ತಿದ್ದ. ಅಜ್ಜ ಗಿಣಿಯನ್ನು ಕರೆದುಕೊಂಡು ಅವನ ಮುಂದೆ ನಿಂತರು. ಗಿಣಿ ಮೆಟ್ಟಿಲ ಬುಡದ ಕಂಬ ತಬ್ಬಿಕೊಂಡಳು.

"ನಾನು ಹೇಳಲ್ಲ ಅಜ್ಜ. ನೀವು ಹಾಗೆ ಮಾಡಿದ್ರಿ ಅಂತ ನಾನ್ಯಾಕೆ ಹೇಳಲಿ?"

"ಹೇಳೋನು ನಾನು ಪುಟ್ಟ. ನೀನು ಬರೀ ದಾಟಿಸು."

"ನನಗೆ ನಾಚಿಕೆ ಆಗತ್ತೆ."

"ನನಗೂ ಆಗತ್ತೆ. ಹೇಳು."

ಅವರು ಒಂದೊಂದೇ ವಾಕ್ಯ ಹೇಳಿದರು. ಬೆಣೆ ನಾನು ಕಿತ್ತೆ. ನಿನ್ನ ಕೆಲಸದಲ್ಲಿ ತಪ್ಪಿರಲಿಲ್ಲ. ಹೊಟ್ಟೆಕಿಚ್ಚಿಗೆ ಮಾಡಿದೆ. ನಿನಗೆ ಬರಬೇಕಾಗಿದ್ದ ದೊಡ್ಡ ಕೆಲಸವೊಂದು ನನ್ನಿಂದ ತಪ್ಪಿತು. ಗಿಣಿ ನೆಲ ನೋಡುತ್ತ ಸಣ್ಣ ದನಿಯಲ್ಲಿ ಒಪ್ಪಿಸಿದಳು. "ಹೊಟ್ಟೆಕಿಚ್ಚಿಗೆ ಏನಂತಾರೋ ಗೊತ್ತಿಲ್ಲ ಅಜ್ಜ," ಎಂದು ನಡುವೆ ನಿಂತಳು. "ಅವನನ್ನ ಕಂಡ್ರೆ ಅಜ್ಜನಿಗೆ ಸಂಕಟ ಆಗ್ತಿತ್ತು ಅಂತ ಹೇಳು," ಎಂದರು. ಹೇಳಿದಳು.

ಉದ್ದಣ್ಣ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದ. ಅವನ ಮುಖ ಬಿಗಿದಿತ್ತು. ಮಾತಾಡಿದ.

"ಅವತ್ತೇ ಗೊತ್ತಾಯ್ತಂತೆ," ಎಂದಳು ಗಿಣಿ. "ಅಂಟು ಹಾಕಿದ ಬೆಣೇನ ಮರಕ್ಕೆ ಒಂದು ಗೀರೂ ಬೀಳದ ಹಾಗೆ ತೆಗೆಯೋದು ಬಡಗಿಗೆ ಮಾತ್ರ ಬರೋದಂತೆ. ಮನೇಲಿ ಬಡಗಿ ಇರೋದು ನೀವೊಬ್ಬರೇ ಅಂತ ನಾನೇ ಅವರಿಗೆ ಹೇಳಿದ್ದೆ."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ಅಂತ ಕೇಳು. ಯಾಕೆ ತಪ್ಪು ತನ್ನ ಮೇಲೆ ಹಾಕ್ಕೊಂಡ?"

ಗಿಣಿ ಕೇಳಿದಳು. ಅವನು ಚಿಕ್ಕದಾಗಿ ಏನೋ ಹೇಳಿ ಮತ್ತೆ ಪೆನ್ಸಿಲು ಕೈಗೆತ್ತಿಕೊಂಡ. ಹೇಳಿದ್ದನ್ನೆಲ್ಲ ಆಗಿಂದಾಗಲೇ ಒಪ್ಪಿಸುವ ಗಿಣಿ ಕಂಬದ ಮೇಲೆ ಬೆರಳಾಡಿಸುತ್ತ ನಿಂತುಬಿಟ್ಟಳು.

"ಏನಂದ, ಹೇಳು."

"ಹೇಳಿದ್ರೆ, ನೀವೇ ಕಿತ್ತಿದ್ದು ಅಂತ ನನ್ನ ಬಾಯಲ್ಲೇ ಹೇಳಿಸಬೇಕಾಗ್ತಿತ್ತಲ್ಲ, ಅದಕ್ಕೆ ಅಂತೆ."

ಅಜ್ಜ ಅಲ್ಲೇ ಮೊದಲನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಉದ್ದಣ್ಣ ಸಿಟ್ಟೇ ಬಾರದ ಸಾಧುವೇನಲ್ಲ. ಅಂದು ಅಜ್ಜಿಯ ಅನ್ನ ಮುಟ್ಟಲಿಲ್ಲ. ತಟ್ಟೆ ಹೋದ ಹಾಗೇ ವಾಪಸು ಬಂತು. ಸಂಜೆ ಕೈಬೀಸದೆ ಹೊರಟುಹೋದ. ಶುಕ್ರವಾರವೂ ತನ್ನ ಡಬ್ಬಿಯನ್ನೇ ತಂದಿದ್ದ. ಅಜ್ಜ ಬೆಳಿಗ್ಗೆ ಏಳಕ್ಕೆ ಗೇಟಿನ ಬಳಿ ನಿಂತು, ಅವನ ಗಾಡಿಯಿಂದ ಹಲಗೆ ಇಳಿಸಲು ಒಂದು ತುದಿ ಹಿಡಿದರು. ಅವನು ಬೇಡವೆನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಹಲಗೆಯ ತುದಿ ಹಿಡಿಯಲು ಕೈ ನಡುಗಿದರೂ ನಡೆಯುತ್ತಿತ್ತು. ಸೋಮವಾರ, ಮಂಗಳವಾರ ಹಾಗೆಯೇ ಹಿಡಿದರು. ಬುಧವಾರ ಅಜ್ಜಿ ಕೇಳದೆಯೇ ತಟ್ಟೆ ತಂದಿಟ್ಟಳು. ಅವನು ಸ್ವಲ್ಪ ಹೊತ್ತು ನೋಡಿ ಉಂಡ.

"ಉಪ್ಪು ಕಮ್ಮಿ ಅಂತಿದಾರೆ," ಎಂದಳು ಗಿಣಿ.

"ಹಾಗಿದ್ರೆ ಸಿಟ್ಟು ಇಳೀತು," ಎಂದಳು ಅಜ್ಜಿ.

ಮೆಟ್ಟಿಲು ಮುಗಿದ ದಿನ ಅಜ್ಜಿ ಮೊದಲು ಹತ್ತಿದಳು, ಅಷ್ಟೂ ಮೆಟ್ಟಿಲು ತುಟಿಪಿಟಕ್ಕೆನ್ನಲಿಲ್ಲ. ಉದ್ದಣ್ಣ ಸಾಮಾನು ಕಟ್ಟುವಾಗ ಗಿಣಿ ಅಳುಮುಖ ಮಾಡಿದಳು. ಅವನ ಕೆಲಸದ ಕೊಟ್ಟಿಗೆ ನಾಲ್ಕು ಬೀದಿ ಆಚೆ ಇತ್ತು. ಶನಿವಾರ ಬೆಳಿಗ್ಗೆ ಬಂದರೆ ಕಲಿಸುತ್ತೇನೆ ಎಂದ. ಮಗಳು ಮತ್ತು ಅಳಿಯ ಮುಖ ಮುಖ ನೋಡಿಕೊಂಡರು. ಶನಿವಾರ ಇಬ್ಬರಿಗೂ ಪಾಳಿ.

"ನಾನು ಕರ್ಕೊಂಡು ಹೋಗ್ತೀನಿ," ಎಂದರು ಅಜ್ಜ.

ಶನಿವಾರ ಅವರಿಬ್ಬರೂ ನಾಲ್ಕು ಬೀದಿ ನಡೆದರು. ಗಿಣಿ ಒಳಗೆ ಓಡಿದಳು. ಅಜ್ಜ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತರು. ಒಳಗಿನಿಂದ ಉಳಿಯ ಸದ್ದು, ನಡುನಡುವೆ ಅವಳ ನಗು. ಆ ನಗು ಕೇಳಿ ಈಗಲೂ ಎದ್ದು ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ. ಒಂದು ಗಂಟೆಯ ಮೇಲೆ ಅವಳು ಹೊರಬಂದು ಅವರ ಕೈಹಿಡಿದು, ದಾರಿಯುದ್ದಕ್ಕೂ ವರದಿ ಒಪ್ಪಿಸಿದಳು: ಮರದ ಎಳೆ ಯಾವ ಕಡೆ ಹೋಗುತ್ತದೋ ಆ ಕಡೆಗೇ ಹತ್ತರಿ ತಳ್ಳಬೇಕಂತೆ, ಅವಸರ ಮಾಡಿದರೆ ಚಕ್ಕೆ ಏಳುತ್ತದಂತೆ, ಅವಳ ಕೈ ಚೆನ್ನಾಗಿದೆಯಂತೆ.

"ನೀವು ಹೇಳಿಕೊಟ್ಟಿದ್ದು ಸುಳ್ಳಲ್ಲ ಅಜ್ಜ, ಅವರೂ ಅದೇ ಹೇಳಿದ್ರು," ಎಂದು ಸೇರಿಸಿದಳು.

ಬೀದಿ ದಾಟುವಾಗ ಅಜ್ಜ ಅವಳ ಕೈ ಬಿಗಿಯಾಗಿ ಹಿಡಿದುಕೊಂಡು ಕೇಳಿದರು:

"ಮತ್ತೆ? ಇನ್ನೇನು ಹೇಳಿದ?"